ಪ್ರೈಮರ್ ಹಚ್ಚುವ ಮೊದಲು ಜಿಡ್ಡು ತೆಗೆಯುವುದು ಹೇಗೆ?

ಪ್ರಶ್ನೆ (ಕೊಪ್ಪಳ): ನಮಸ್ಕಾರ ಸರ್. ನಮ್ಮ ವರ್ಕ್‌ಶಾಪಿನಲ್ಲಿ ಟ್ರ್ಯಾಕ್ಟರ್ ಕೂರಿಗೆಯ ಬಿಡಿಭಾಗಗಳನ್ನು ತಯಾರಿಸುತ್ತೇವೆ. ಲೇತ್, ಡ್ರಿಲ್ಲಿಂಗ್ ಕೆಲಸ ಮುಗಿದ ಮೇಲೆ ಎಮರಿ ಪೇಪರಿನಿಂದ ತಿಕ್ಕಿ, ಡೀಸೆಲ್‌ನಲ್ಲಿ ತೊಳೆದು, ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಹಚ್ಚುತ್ತೇವೆ. ಆದರೂ ತೂತುಗಳ ಸುತ್ತಲಿನ ಬಣ್ಣ ಎರಡೇ ತಿಂಗಳಲ್ಲಿ ಹಕ್ಕಳೆ ಏಳುತ್ತದೆ. ಪ್ರೈಮರ್ ಬದಲಿಸಬೇಕೇ?

ಉತ್ತರ (ತೋರಣಗಲ್ಲು, ಬಣ್ಣಲೇಪನ ತಪಾಸಣೆಯ ಕೆಲಸದಲ್ಲಿರುವವನು): ಮೊದಲು ಡೀಸೆಲ್ ಬಿಡಿ. ಅದು ಗ್ರೀಸನ್ನು ಕರಗಿಸುವುದು ನಿಜ, ಆದರೆ ಅದೂ ಎಣ್ಣೆಯೇ ಆದ್ದರಿಂದ ಪೂರ್ತಿ ಆರದೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಲೋಹದ ಮೇಲೆ ಉಳಿಯುತ್ತದೆ, ಪ್ರೈಮರ್ ಲೋಹವನ್ನು ಹಿಡಿಯುವ ಬದಲು ಆ ಪೊರೆಯ ಮೇಲೆ ಕೂರುತ್ತದೆ. ಸೀಮೆಎಣ್ಣೆಯದೂ ಇದೇ ಕಥೆ. ಎರಡನೆಯ ತಪ್ಪು ಕೆಲಸದ ಕ್ರಮದಲ್ಲಿದೆ. ಜಿಡ್ಡಿರುವಾಗಲೇ ಎಮರಿ ತಿಕ್ಕಿದರೆ, ಅಥವಾ ಸ್ಯಾಂಡ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಿಂದ ಮರಳಿನಂಥ ಕಣ ಸಿಡಿಸಿ ಉಜ್ಜುವುದು) ಮಾಡಿದರೆ, ಎಣ್ಣೆ ಗೀರುಗಳೊಳಗೆ ಇಳಿದು ಎಲ್ಲೆಡೆ ಹರಡುತ್ತದೆ. ಜಿಡ್ಡು ಮೊದಲು, ತುಕ್ಕು ಆಮೇಲೆ.

ಜಿಡ್ಡು ತೆಗೆಯುವ ಕ್ಷಾರೀಯ ಡಿಗ್ರೀಸರ್ ಪುಡಿಯನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬಿಸಿನೀರಿಗೆ ಬೆರೆಸಿ, ಸಾಮಾನ್ಯವಾಗಿ 50ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಭಾಗಗಳನ್ನು ಮುಳುಗಿಸಿಟ್ಟು, ತೂತುಗಳೊಳಗೆ ಬ್ರಷ್ ಆಡಿಸಿ. ಲೋಹ ಕೊರೆಯುವಾಗ ಹಾಕುವ ಕಟಿಂಗ್ ಆಯಿಲ್ ಅಡಗುವುದು ಅಲ್ಲೇ. ಕನ್ನಡಕ, ಕೈಗವಸು ತಪ್ಪಬಾರದು. ನಂತರ ಚೆನ್ನಾಗಿ ತೊಳೆದು ನೀರು ಚಿಮುಕಿಸಿ ನೋಡಿ: ನೀರು ಒಂದೇ ಪೊರೆಯಾಗಿ ಹರಡಿ ಅರ್ಧ ನಿಮಿಷವಾದರೂ ಒಡೆಯದೆ ನಿಂತರೆ ಜಿಡ್ಡು ಹೋಗಿದೆ, ಹನಿಹನಿಯಾಗಿ ಒಡೆದರೆ ಇನ್ನೂ ಇದೆ. ಡಿಗ್ರೀಸರ್ ಉಳಿದಿದ್ದರೂ ನೀರು ಹರಡುವುದರಿಂದ, ತೊಳೆಯುವುದರಲ್ಲಿ ಅವಸರ ಮಾಡಿದರೆ ಈ ಪರೀಕ್ಷೆ ಮೋಸ ಮಾಡುತ್ತದೆ.

ಪ್ರಶ್ನೆ: ನಮ್ಮದು ಉಪ್ಪುಪ್ಪಾದ ಬೋರ್‌ವೆಲ್ ನೀರು, ನಡೆಯುತ್ತದೆಯೇ? ಅಲ್ಯೂಮಿನಿಯಂ ಭಾಗಗಳನ್ನೂ ಇದರಲ್ಲೇ ಅದ್ದಬಹುದೇ?

ಉತ್ತರ: ಮೊದಲ ತೊಳೆತಕ್ಕೆ ನಡೆಯುತ್ತದೆ, ಕೊನೆಯದಕ್ಕೆ ಬೇಡ. ಉಪ್ಪು ಉಳಿದರೆ ಬಣ್ಣದಡಿ ತೇವ ಸೆಳೆದು ಗುಳ್ಳೆ ಎಬ್ಬಿಸುತ್ತದೆ. ಕೊನೆಗೊಮ್ಮೆ ಆರ್‌ಒ ನೀರು ಅಥವಾ ಶುದ್ಧ ಮಳೆನೀರು ಬಳಸಿ. ಅಲ್ಯೂಮಿನಿಯಂ ಮತ್ತು ಸತುವು ಲೇಪಿಸಿದ ಭಾಗಗಳನ್ನು ಕಾಸ್ಟಿಕ್ ಸೋಡಾ ಇರುವ ದ್ರಾವಣಕ್ಕೆ ಹಾಕಲೇಬೇಡಿ. ಅದು ಲೋಹವನ್ನೇ ತಿಂದು, ಬೆಂಕಿ ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ. ಅವುಗಳಿಗೆಂದೇ ಸೌಮ್ಯ ಡಿಗ್ರೀಸರ್ ಸಿಗುತ್ತದೆ. ತೊಳೆದ ಕಬ್ಬಿಣವನ್ನು ಕೂಡಲೇ ಒಣಗಿಸಿ, ಬರಿಗೈಯಲ್ಲಿ ಮುಟ್ಟದೆ, ಕೆಂಪು ಧೂಳು ಕೂರುವ ಮೊದಲು, ಅಂದೇ ಪ್ರೈಮರ್ ಹಚ್ಚಿ.