ಪ್ರಿವ್ಯೂ ಆವೃತ್ತಿಯ ವಿಂಡೋಸ್ 11 ಆ್ಯಕ್ಟಿವೇಟ್ ಆಗುತ್ತಿಲ್ಲ: 0ಎಕ್ಸ್80072ಎಫ್8ಎಫ್ ದೋಷ

ಪ್ರಶ್ನೆ (ಮೂಡಿಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಒಂದು ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದೇನೆ. ಕಲಿಯಲು ಬರುವವರಲ್ಲಿ ಹೆಚ್ಚಿನವರು ಕನ್ನಡ ಟೈಪಿಂಗ್‌ಗಾಗಿಯೇ ಬರುವವರು. ಹೊಸ ವಿಂಡೋಸ್‌ನಲ್ಲಿ ನಮ್ಮ ಕೀಲಿಮಣೆ ವಿನ್ಯಾಸ ಮತ್ತು ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಮೊದಲೇ ತಿಳಿದುಕೊಳ್ಳಬೇಕೆಂದು, ಬಿಡುಗಡೆಗೆ ಮೊದಲಿನ ಪ್ರಯೋಗದ (ಪ್ರಿವ್ಯೂ) ಆವೃತ್ತಿಗಳನ್ನು ಕೊಡುವ ವಿಂಡೋಸ್ ಇನ್‌ಸೈಡರ್ ಕಾರ್ಯಕ್ರಮಕ್ಕೆ ನೋಂದಾಯಿಸಿಕೊಂಡು, ಒಂದು ಅಸೆಂಬಲ್ಡ್ ಯಂತ್ರವನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ ಪ್ರಿವ್ಯೂ ಆವೃತ್ತಿಯನ್ನು ಹಾಕಿದೆ. ಆ ಯಂತ್ರದಲ್ಲಿ ಹಿಂದೆ ಹಣ ಕೊಟ್ಟು ಕೊಂಡ ವಿಂಡೋಸ್ ಹೋಮ್ ಇತ್ತು.

ಈಗ ಆ್ಯಕ್ಟಿವೇಶನ್ (ವಿಂಡೋಸ್‌ಗೆ ಪರವಾನಗಿ ಇದೆಯೆಂದು ಖಚಿತಪಡಿಸುವ) ಪುಟದಲ್ಲಿ 0ಎಕ್ಸ್80072ಎಫ್8ಎಫ್ ಎಂಬ ದೋಷ ಬರುತ್ತಿದೆ. ಬ್ಯಾಂಕಿನ ಜಾಲತಾಣ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಕಾಣಿಸುತ್ತದೆ. ಮಳೆಗಾಲದಲ್ಲಿ ಸಿಡಿಲಿಗೆ ಹೆದರಿ ರಾತ್ರಿ ಪ್ಲಗ್ ಕಿತ್ತಿಡುತ್ತೇವೆ. ಬೆಳಿಗ್ಗೆ ಆನ್ ಮಾಡಿದಾಗ ಗಡಿಯಾರ 2018ನೇ ಇಸವಿಯನ್ನು ತೋರಿಸುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೋ ತಿಳಿಯದು. ಪರಿಚಯದವರೊಬ್ಬರು ಕಡಿಮೆ ಬೆಲೆಗೆ ಬೇರೆ ಕೀ (ವಿಂಡೋಸ್ ಪರವಾನಗಿಯ ಸಂಕೇತ) ಕೊಡಿಸುವುದಾಗಿ ಹೇಳುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ 1 (ಹಾಸನದಿಂದ)

ದಯವಿಟ್ಟು ಕೀ ಕೊಳ್ಳಬೇಡಿ ಸರ್, ನಿಮ್ಮ ಸಮಸ್ಯೆಯ ಮೂಲ ಆ ಗಡಿಯಾರದಲ್ಲಿಯೇ ಇದೆ. ಆ್ಯಕ್ಟಿವೇಶನ್ ಸರ್ವರ್ ಜೊತೆ ಮಾತನಾಡುವ ಮೊದಲು ವಿಂಡೋಸ್ ಅದರ ಭದ್ರತಾ ಪ್ರಮಾಣಪತ್ರವನ್ನು ಪರೀಕ್ಷಿಸುತ್ತದೆ. ಪ್ರತಿ ಪ್ರಮಾಣಪತ್ರಕ್ಕೂ ಯಾವ ದಿನದಿಂದ ಯಾವ ದಿನದವರೆಗೆ ಸಿಂಧು ಎಂಬ ಅವಧಿ ಇರುವುದರಿಂದ, 2018ರಲ್ಲಿ ನಿಂತಿರುವ ಯಂತ್ರಕ್ಕೆ ಇಂದಿನ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲದಂತೆ ಕಾಣುತ್ತದೆ. ಬ್ಯಾಂಕಿನ ತಾಣ ಎಚ್ಚರಿಕೆ ಕೊಡುವುದಕ್ಕೂ ಇದೇ ಕಾರಣ.

ಇಂಟರ್ನೆಟ್ ಇದ್ದರೆ ಗಡಿಯಾರ ತಾನಾಗಿಯೇ ಸರಿಹೋಗುತ್ತದೆ ಎಂದು ನಾವು ನಂಬಿರುತ್ತೇವೆ. ಆದರೆ ಮನೆಬಳಕೆಯ ಯಂತ್ರಗಳಲ್ಲಿ ವ್ಯತ್ಯಾಸ 15 ಗಂಟೆ ಮೀರಿದರೆ, ವಿಂಡೋಸ್‌ನ ಸಮಯ ಸೇವೆ ಅದನ್ನು ಸಾಮಾನ್ಯವಾಗಿ ತಿದ್ದಲು ಹೋಗುವುದಿಲ್ಲ. ಆದ್ದರಿಂದ ದಿನಾಂಕ, ಸಮಯ ಮತ್ತು ಭಾರತೀಯ ಕಾಲವಲಯವನ್ನು ಕೈಯಾರೆ ಸರಿಪಡಿಸಿ, ನಂತರ ಆ್ಯಕ್ಟಿವೇಶನ್‌ಗೆ ಪ್ರಯತ್ನಿಸಿ. ಪ್ಲಗ್ ಕಿತ್ತಾಗ ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡ್ ಮೇಲಿರುವ ನಾಣ್ಯದಾಕಾರದ ಸಿಆರ್2032 ಬ್ಯಾಟರಿ. ಅದು ಮುಗಿದಿದೆ. ಅದನ್ನು ಬದಲಿಸದಿದ್ದರೆ ಪ್ರತಿ ಬೆಳಿಗ್ಗೆಯೂ ಇದೇ ಪಾಡು.

ಪ್ರಶ್ನೆ ಕೇಳಿದವರಿಂದ

ತಮ್ಮ ಮಾತು ನಿಜವಾಯಿತು. ಕ್ಯಾಬಿನೆಟ್ ಬಿಚ್ಚಿ ನೋಡಿದರೆ ಬ್ಯಾಟರಿಯ ಅಂಚಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ನಮ್ಮ ಕಡೆಯ ತೇವಕ್ಕೆ ಅದು ಸಹಜವೇ. ಬಟ್ಟೆಯಿಂದ ಒರೆಸಿ ಹೊಸ ಬ್ಯಾಟರಿ ಹಾಕಿದೆ. ದಿನಾಂಕ ಈಗ ನಿಲ್ಲುತ್ತಿದೆ, ಬ್ಯಾಂಕಿನ ತಾಣವೂ ತೆರೆಯುತ್ತಿದೆ. ಆದರೆ ಆ್ಯಕ್ಟಿವೇಶನ್‌ನಲ್ಲಿ ಹಳೆಯ ದೋಷ ಹೋಗಿ 0ಎಕ್ಸ್‌ಸಿ004ಎಫ್213 ಎಂಬ ಹೊಸದು ಬಂದಿದೆ.

ಉತ್ತರ 2 (ಸಕಲೇಶಪುರದಿಂದ)

ದೋಷ ಬದಲಾಗಿರುವುದು ಒಳ್ಳೆಯ ಲಕ್ಷಣ, ಏಕೆಂದರೆ ಯಂತ್ರ ಈಗ ಸರ್ವರ್ ತಲುಪಿದೆ. ಈ ಸಂಖ್ಯೆಯ ಅರ್ಥ, ಯಂತ್ರಕ್ಕೆ ಹೊಂದುವ ಕೀ ಸಿಗಲಿಲ್ಲ ಎಂದು. ಫಾರ್ಮ್ಯಾಟ್ ಮಾಡುವಾಗ ಆವೃತ್ತಿ ಆರಿಸಿ ಎಂದು ಕೇಳಿದಾಗ ತಾವು ಹೋಮ್ ಬದಲು ಪ್ರೊ ಎಂಬ ಬೇರೆ ಆವೃತ್ತಿಯನ್ನು ಆರಿಸಿರಬಹುದೆಂದು ನನ್ನ ಊಹೆ. ಪ್ರಿವ್ಯೂ ಆವೃತ್ತಿಗೆಂದು ಈಗ ಪ್ರತ್ಯೇಕ ಪರವಾನಗಿ ಇಲ್ಲ; ಯಂತ್ರಕ್ಕೆ ಮೊದಲೇ ಇರುವ ಡಿಜಿಟಲ್ ಪರವಾನಗಿಯೇ (ಕೀ ಬರೆಯದೆಯೇ ಯಂತ್ರದ ಗುರುತಿನಿಂದ ಸಲ್ಲುವ ಪರವಾನಗಿ) ಅದಕ್ಕೂ ಸಲ್ಲುತ್ತದೆ, ಆದರೆ ಹೋಮ್ ಪರವಾನಗಿಯಿಂದ ಪ್ರೊ ಆ್ಯಕ್ಟಿವೇಟ್ ಆಗುವುದಿಲ್ಲ. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಆ್ಯಕ್ಟಿವೇಶನ್ ತೆರೆದರೆ ಯಾವುದು ಕುಳಿತಿದೆ ಎಂದು ತಿಳಿಯುತ್ತದೆ. ಪ್ರೊ ಆಗಿದ್ದರೆ ಹೋಮ್ ಅನ್ನು ಹೊಸದಾಗಿ ಹಾಕಿ, ಕೀ ಕೇಳಿದಲ್ಲಿ ನನ್ನ ಬಳಿ ಇಲ್ಲ ಎಂಬುದನ್ನು ಒತ್ತಿ ಮುಂದುವರಿಯಿರಿ.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಆ್ಯಕ್ಟಿವೇಟ್ ಆದರೂ ಪ್ರತಿ ಪ್ರಿವ್ಯೂ ಬಿಲ್ಡ್‌ಗೆ, ಅಂದರೆ ಆಗಾಗ ಬರುವ ಹೊಸ ರೂಪಕ್ಕೆ, ಮುಕ್ತಾಯದ ದಿನ ಇರುತ್ತದೆ. ವಿಂಡೋಸ್ 7ರ ಆರ್‌ಸಿ (ಬಿಡುಗಡೆಗೆ ಮೊದಲಿನ ಪ್ರಯೋಗದ) ಆವೃತ್ತಿ ಬಳಸಿದವರಿಗೆ ಇದು ನೆನಪಿರುತ್ತದೆ: 2010ರ ಮಾರ್ಚ್ 1ರಿಂದ ಅದು ಎರಡು ಗಂಟೆಗೊಮ್ಮೆ ತಾನಾಗಿ ಆರಿಹೋಗತೊಡಗಿತು, ಜೂನ್ 1ಕ್ಕೆ ಅದರ ಅವಧಿಯೇ ಮುಗಿಯಿತು. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ ವಿನ್‌ವರ್ (winver) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ನಿಮ್ಮ ಬಿಲ್ಡ್‌ನ ಮುಕ್ತಾಯದ ದಿನ ಕಾಣುತ್ತದೆ. ಅಪ್‌ಡೇಟ್‌ಗಳನ್ನು ನಿಲ್ಲಿಸದೆ ಹಾಕಿಕೊಳ್ಳುತ್ತಿದ್ದರೆ ಆ ದಿನವೂ ಮುಂದಕ್ಕೆ ಹೋಗುತ್ತದೆ. ಮಕ್ಕಳ ಕಡತಗಳನ್ನು ಮಾತ್ರ ಆ ಯಂತ್ರದಲ್ಲಿ ಇಡಬೇಡಿ.

ಪ್ರಶ್ನೆ ಕೇಳಿದವರಿಂದ

ಹೌದು, ಪ್ರೊ ಆರಿಸಿದ್ದು ನನ್ನದೇ ತಪ್ಪು. ನಿನ್ನೆ ಹೋಮ್ ಹಾಕಿದೆ. ಇಂಟರ್ನೆಟ್ ಸೇರಿಸಿದ ಕೆಲವೇ ನಿಮಿಷಗಳಲ್ಲಿ ಡಿಜಿಟಲ್ ಪರವಾನಗಿಯಿಂದ ಆ್ಯಕ್ಟಿವೇಟ್ ಆಗಿದೆ ಎಂದು ತೋರಿಸಿತು, ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಮುಕ್ತಾಯದ ದಿನಾಂಕವನ್ನು ಚೀಟಿಯಲ್ಲಿ ಬರೆದು ಮಾನಿಟರ್ ಅಂಚಿಗೆ ಅಂಟಿಸಿದ್ದೇನೆ. ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಇಂದು ಸಂಜೆಯಿಂದ ಒತ್ತಕ್ಷರಗಳ ಪರೀಕ್ಷೆ ಆರಂಭಿಸುತ್ತೇನೆ.