ಓಹಾಯೋದಿಂದ ಕ್ಯಾನ್ಸಸ್‌ಗೆ ಬಂದ ಪೂರ್ವಜರ ಜಾಡು ಹಿಡಿಯುವುದು ಹೇಗೆ?

ಪ್ರಶ್ನೆ: ನಮಸ್ಕಾರ. ನಾನು ಮೈಸೂರಿನವಳು, ಮದುವೆಯಾಗಿ ಅಮೆರಿಕದಲ್ಲಿ ನೆಲೆಸಿದ್ದೇನೆ. ನನ್ನ ಪತಿಯ ಪೂರ್ವಜರೊಬ್ಬರು 1880ರ ಜನಗಣತಿಯಲ್ಲಿ ಕ್ಯಾನ್ಸಸ್‌ನ ರೈತರಾಗಿ ಸಿಗುತ್ತಾರೆ. ವಯಸ್ಸು 42, ಹುಟ್ಟಿದ್ದು ಓಹಾಯೋ, ಪತ್ನಿ ಇಂಡಿಯಾನಾದವರು. 17ರ ಮಗಳು ಇಲಿನಾಯ್‌ನಲ್ಲಿ, 13ರ ಮಗ ಅಯೋವಾದಲ್ಲಿ, 8ರ ಕಿರಿಯ ಮಗ ಕ್ಯಾನ್ಸಸ್‌ನಲ್ಲಿ ಹುಟ್ಟಿದವರು. ಇದೇ ಹೆಸರಿನವರು ಓಹಾಯೋದಲ್ಲಿ ಹಲವರಿರುವುದರಿಂದ ಇವರ ತಂದೆತಾಯಿ ಯಾರೆಂದು ನಿಶ್ಚಯಿಸಲಾಗುತ್ತಿಲ್ಲ. ಮಾರ್ಗದರ್ಶನ ನೀಡುವಿರಾ?

ಉತ್ತರ (ವಂಶಾವಳಿ ಸಂಶೋಧಕರು): ಮೇಡಂ, ಕುಟುಂಬ ಸಾಗಿದ ದಾರಿ ಮಕ್ಕಳ ಜನ್ಮಸ್ಥಳಗಳಲ್ಲೇ ಇದೆ: 1863ರ ಸುಮಾರಿಗೆ ಇಲಿನಾಯ್, 1867ರ ಸುಮಾರಿಗೆ ಅಯೋವಾ, 1872ರ ಹೊತ್ತಿಗೆ ಕ್ಯಾನ್ಸಸ್. ಆದ್ದರಿಂದ ನೇರವಾಗಿ ಓಹಾಯೋಗೆ ಹೋಗದೆ, ಒಂದೊಂದೇ ನೆಲೆಯನ್ನು ಖಚಿತಪಡಿಸಿಕೊಂಡು ಹಿಂದಕ್ಕೆ ಸರಿಯಿರಿ. ಕ್ಯಾನ್ಸಸ್ ರಾಜ್ಯವೇ 1875ರಲ್ಲಿ ನಡೆಸಿದ ಗಣತಿಯಲ್ಲಿ, ಎಲ್ಲಿಂದ ಬಂದವರು ಎಂಬುದಕ್ಕೆ ಪ್ರತ್ಯೇಕ ಅಂಕಣವಿದೆ. ಅದನ್ನು ಮೊದಲು ನೋಡಿ. ಬಳಿಕ ಇಂಡಿಯಾನಾ ಮತ್ತು ಇಲಿನಾಯ್‌ನ ಕೌಂಟಿ ವಿವಾಹ ದಾಖಲೆಗಳಲ್ಲಿ ಪತ್ನಿಯ ತವರಿನ ಹೆಸರು ಹುಡುಕಿ. ನನ್ನ ಅನುಭವದಲ್ಲಿ, ಗಂಡನ ಹೆಸರು ತೀರಾ ಸಾಮಾನ್ಯವಾಗಿದ್ದಾಗ ಗಂಟು ಬಿಚ್ಚುವುದು ಹೆಂಡತಿಯ ತವರಿನ ಕಡೆಯಿಂದಲೇ.

1850ರ ಗಣತಿಯಲ್ಲಿ ಸ್ವತಂತ್ರರಾಗಿದ್ದವರೆಲ್ಲರ (ಅಂದರೆ ಗುಲಾಮರಲ್ಲದವರ) ಹೆಸರು, ವಯಸ್ಸು, ಜನ್ಮರಾಜ್ಯ ಇವೆ. ಆದರೆ ಮನೆಯ ಯಜಮಾನನಿಗೆ ಅವರು ಏನಾಗಬೇಕು ಎಂಬುದನ್ನು ಬರೆಯತೊಡಗಿದ್ದು 1880ರಲ್ಲಿ. ಹಾಗಾಗಿ 12 ವರ್ಷದ ಹುಡುಗನೊಬ್ಬ ಸಿಕ್ಕಿದರೂ ಅವನು ಆ ಮನೆಯ ಮಗನೋ, ತಮ್ಮನ ಮಗನೋ ಎಂಬುದು ಅಷ್ಟರಿಂದಲೇ ತಿಳಿಯದು. 1840ರಲ್ಲಂತೂ ಯಜಮಾನನ ಹೆಸರು ಮಾತ್ರ. ತಮ್ಮವರು ‘ಐದು ವರ್ಷದೊಳಗಿನ ಗಂಡು’ ಎಂಬ ಅಂಕಣದ ಅಂಕೆಯಲ್ಲಿ ಸೇರಿಹೋಗಿರುತ್ತಾರೆ. 1880ರ ಅದೇ ಹಾಳೆಯಲ್ಲಿ ಅವರ ತಂದೆತಾಯಿಯ ಜನ್ಮಸ್ಥಳವೂ ಇರಬೇಕು (ತಾವು ಅದನ್ನು ತಿಳಿಸಿಲ್ಲ). ಹಲವು ಕುಟುಂಬಗಳನ್ನು ಪಟ್ಟಿಯಿಂದ ಕೈಬಿಡಲು ಅದೊಂದೇ ಸಾಕಾಗಬಹುದು.

ಜಮೀನಿನ ಕಡತವನ್ನು ಮರೆಯಬೇಡಿ. 1862ರ ಹೋಮ್‌ಸ್ಟೆಡ್ ಕಾಯಿದೆಯಡಿ 160 ಎಕರೆ ಸರ್ಕಾರಿ ಜಮೀನನ್ನು ಬೆಲೆ ಕೊಡದೆ ಪಡೆಯಬೇಕಾದರೆ ಐದು ವರ್ಷ ಅಲ್ಲಿ ವಾಸಿಸಿ ಉಳುಮೆ ಮಾಡಿದ್ದನ್ನು ಸಾಕ್ಷಿಗಳ ಮೂಲಕ ರುಜುವಾತುಪಡಿಸಬೇಕಿತ್ತು. ಆ ಸಾಕ್ಷಿಗಳು ಸಾಮಾನ್ಯವಾಗಿ ನೆರೆಯ ರೈತರು, ಎಷ್ಟೋ ಸಲ ಹಳೆಯ ಊರಿನಿಂದ ಜೊತೆಗೇ ಬಂದ ಭಾವಮೈದುನರು. ಅವರ ಹೆಸರುಗಳನ್ನು ಹಿಡಿದು ಅಯೋವಾ, ಇಲಿನಾಯ್ ಗಣತಿಗಳನ್ನು ನೋಡಿದರೆ, ತಮ್ಮವರ ಮನೆ ಅಕ್ಕಪಕ್ಕದಲ್ಲೇ ಸಿಗುವ ಸಾಧ್ಯತೆ ಇದೆ.

ಮರುಪ್ರಶ್ನೆ: ಭೂ ನಿರ್ವಹಣಾ ಇಲಾಖೆಯ ಜಾಲತಾಣದಲ್ಲಿ ಹಕ್ಕುಪತ್ರ ಸಿಕ್ಕಿತು ಸರ್, ಆದರೆ ಸಾಕ್ಷಿಗಳ ಹೆಸರೇ ಇಲ್ಲವಲ್ಲ?

ಉತ್ತರ: ಹಕ್ಕುಪತ್ರದಲ್ಲಿ ಅದು ಇರುವುದಿಲ್ಲ, ಮೇಡಂ. ಪೂರ್ಣ ಕಡತ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿರುತ್ತದೆ. ಹಕ್ಕುಪತ್ರದಲ್ಲಿರುವ ಭೂ ಕಚೇರಿಯ ಹೆಸರು, ಅಂತಿಮ ಪ್ರಮಾಣಪತ್ರದ ಸಂಖ್ಯೆ ಮತ್ತು ಜಮೀನಿನ ವಿವರ ಕೊಟ್ಟು ಪ್ರತಿಗೆ ಅರ್ಜಿ ಸಲ್ಲಿಸಿ. ಅದಕ್ಕೂ ಮುನ್ನ, ಹಕ್ಕುಪತ್ರ ಯಾವ ಕಾಯಿದೆಯಡಿ ನೀಡಿದ್ದೆಂದು ಗಮನಿಸಿ. ಹಣ ಕೊಟ್ಟು ಕೊಂಡ ಜಮೀನಾದರೆ ಕಡತದಲ್ಲಿ ಸಾಮಾನ್ಯವಾಗಿ ರಸೀದಿಗಿಂತ ಹೆಚ್ಚೇನೂ ಇರುವುದಿಲ್ಲ.