ಹೀರೊ ಕೈ ಯಾಕೆ ಜೇಬಲ್ಲಿದೆ?

"ಹೀರೊಗಳು ಗಡ್ಡ ಬಿಟ್ಟ ಮೇಲೆ ನಮ್ಮಂಥವರ ಬಾಳು ಬಂಗಾರ ಆಯ್ತು" ಎಂದ ಸೀನ.

ಸೀನ ಹಗಲು ಹೊತ್ತು ಟೈಲ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ರಾತ್ರಿ ಊಟ ಮುಗಿದ ಮೇಲೆ ಟ್ಯೂಬ್‌ಲೈಟ್ ಕೆಳಗೆ ಕೂತು ಸಿನಿಮಾ ಹೀರೊಗಳ ಪೆನ್ಸಿಲ್ ಚಿತ್ರ ಬರೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ದವಡೆ ಬರೆಯುವಷ್ಟು ಕಷ್ಟದ ಕೆಲಸ ಪ್ರಪಂಚದಲ್ಲೇ ಇಲ್ಲ ಎಂಬುದು ಅವನ ಅಭಿಪ್ರಾಯ. ಗೆರೆ ಸ್ವಲ್ಪ ಆಚೀಚೆ ಆದರೂ ಹೀರೊ ಎದ್ದು ಹೋಗಿ ಅವನ ಚಿಕ್ಕಪ್ಪ ಬಂದು ಕೂರುತ್ತಾನಂತೆ. ಗಡ್ಡ ಇದ್ದರೆ ಆ ತಾಪತ್ರಯವೇ ಇಲ್ಲ. ಕಪ್ಪಗೆ, ಮೆತ್ತಗೆ ಬರೆಯುವ 8ಬಿ ಪೆನ್ಸಿಲ್ ತಗೊಂಡು ಗೀಚುತ್ತಾ ಹೋದರಾಯ್ತು.

"ದವಡೆಗೆ ಗಡ್ಡ ಆಯ್ತು. ಕಣ್ಣಿಗೆ?" ಮಂಜುಳಕ್ಕ ಕೇಳಿದರು.

"ಕೂಲಿಂಗ್ ಗ್ಲಾಸ್."

"ಕೈಗೆ?"

"ಪ್ಯಾಂಟ್ ಜೇಬು."

"ಎರಡೂ ಕೈ ಜೇಬಲ್ಲೇ?"

"ಒಂದು ಜೇಬಲ್ಲಿ, ಇನ್ನೊಂದು ಬೆನ್ನ ಹಿಂದೆ. ಎರಡೂ ಜೇಬಲ್ಲಿಟ್ಟರೆ ಜನಕ್ಕೆ ಅನುಮಾನ ಬರುತ್ತೆ ಅಕ್ಕಾ."

ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆ ಗುಂಪಿನ ನಾಲ್ಕೈದು ಜನ ಕಾಫಿಗೆ ಸೇರುವುದು ರೂಢಿ. ಗುಂಪಿನಲ್ಲಿ ಎಲ್ಲ ಥರದವರೂ ಇದ್ದಾರೆ. ನರ್ಸು, ಬಡಗಿ, ಕಾಲೇಜು ಹುಡುಗರು, ಪೆನ್ಷನ್ ತಗೊಳ್ಳುವವರು. ಮಂಜುಳಕ್ಕನದು ಮೆಡಿಕಲ್ ಸ್ಟೋರು. ಬಿಲ್ ಪುಸ್ತಕದ ಹಿಂದುಗಡೆ ಗಿರಾಕಿಗಳ ಮುಖ ಬರೆಯುತ್ತಾರೆ. ಕೆಮ್ಮಿನ ಗಿರಾಕಿ, ಹಲ್ಲುನೋವಿನ ಗಿರಾಕಿ ಯಾರು ಅಂತ ಮುಖ ನೋಡಿದರೇ ಗೊತ್ತಾಗುತ್ತೆ. ಮೇಷ್ಟ್ರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಬಸಣ್ಣ ಧಾರವಾಡದ ಕಡೆಯವರು, ಕೋಟೆ ಗುಡಿ ಬಿಟ್ಟು ಬೇರೇನೂ ಬರೆಯಲ್ಲ. ಕಲ್ಲು ಅಲ್ಲಾಡಲ್ಲ, ನನಗೆ ಹೋಲಿಲ್ಲ ಅಂತ ಜಗಳಕ್ಕೂ ಬರಲ್ಲ ಎಂಬುದು ಅವರ ಕಾರಣ. ನಾನೋ, ಒಂದು ಗೆರೆಯನ್ನೂ ಎಳೆಯುವವನಲ್ಲ. ಬರೀ ನೋಡುವವನು. ಎಲ್ಲರೂ ಬರೆಯುತ್ತಾ ಕೂತರೆ ಚಪ್ಪಾಳೆ ತಟ್ಟೋಕೆ ಯಾರಾದರೂ ಬೇಕಲ್ವಾ?

"ಅಣ್ಣಾವ್ರನ್ನ ಬರೆಯೋದು ಸುಲಭ ಅಲ್ವಾ ಮೇಷ್ಟ್ರೇ? ಮೂಗು ಬಂದರೆ ಮುಗೀತು" ಎಂದೆ.

"ಅಲ್ಲೇ ಇರೋದು ಕಷ್ಟ" ಎಂದರು ಮೇಷ್ಟ್ರು. "ಬೇರೆಯವರ ಮೂಗು ತಪ್ಪಿದರೆ ನಿನಗೊಬ್ಬನಿಗೆ ಗೊತ್ತಾಗುತ್ತೆ. ರಾಜ್‌ಕುಮಾರ್ ಮೂಗು ತಪ್ಪಿದರೆ ಇಡೀ ಕರ್ನಾಟಕಕ್ಕೆ ಗೊತ್ತಾಗುತ್ತೆ."

"ವಿಷ್ಣುವರ್ಧನ್‌ಗೆ ಕೈಯಲ್ಲಿ ಕಡಗ ಹಾಕಿಬಿಟ್ಟರೆ ಜನ ಗುರುತು ಹಿಡೀತಾರೆ" ಎಂದ ಸೀನ.

"ಕಡಗ ಹಾಕೋಕೆ ಕೈ ಬರೀಬೇಕಲ್ಲಪ್ಪಾ. ನಿನ್ನ ಹೀರೊಗೆ ಕೈಯೇ ಇಲ್ವಲ್ಲ."

ಸೀನ ಕಾಫಿ ಲೋಟದೊಳಗೆ ಇಣುಕಿ ನೋಡಿದ.

ಮೇಷ್ಟ್ರು ಹಳೇ ಕಾಲಕ್ಕೆ ಹೊರಟರು. ಈ ಅಭಿಮಾನದ ಚಿತ್ರ ಮೊಬೈಲಿನಿಂದ ಹುಟ್ಟಿದ್ದಲ್ಲ ಎಂಬುದು ಅವರ ವಾದ. ಶಂಕರ್‌ನಾಗ್ 1980ರಲ್ಲಿ ಆಟೋ ಚಾಲಕನ ಪಾತ್ರ ಮಾಡಿದರು. 1990ರಲ್ಲಿ ತೀರಿಕೊಂಡರು. ಇವತ್ತಿಗೂ ಆಟೋಗಳ ಹಿಂದೆ ಅವರ ಮುಖ ಇದೆ, ಸ್ಟ್ಯಾಂಡುಗಳಿಗೆ ಅವರ ಹೆಸರಿದೆ. "ಆಟೋ ಹಿಂದೆ ಬರೆದರೆ ಊರೆಲ್ಲ ನೋಡ್ತಿತ್ತು. ಲೈಕ್ ಎಷ್ಟು ಬಂತು ಅಂತ ಯಾರೂ ಎಣಿಸ್ತಿರಲಿಲ್ಲ. ಸಿಗ್ನಲ್‌ನಲ್ಲಿ ಹಿಂದಿನವನು ಹಾರ್ನ್ ಹೊಡೆದರೆ ಅದೇ ಲೈಕು."

ಫ್ಲೆಕ್ಸ್ ಬರುವ ಮುಂಚೆ ಚಿತ್ರಮಂದಿರದ ಎದುರಿನ ದೊಡ್ಡ ದೊಡ್ಡ ಬ್ಯಾನರುಗಳನ್ನು ಕೈಯಲ್ಲೇ ಬರೆಯುತ್ತಿದ್ದರು. ಅಂಗೈ ಅಗಲದ ಫೋಟೊ ಮೇಲೆ ಚೌಕ ಹಾಕಿಕೊಂಡು, ಬಟ್ಟೆಯ ಮೇಲೂ ಅಷ್ಟೇ ಚೌಕ ದೊಡ್ಡದಾಗಿ ಹಾಕಿ, ಒಂದೊಂದೇ ಮನೆ ತುಂಬಿಸುತ್ತಾ ಹೋಗುವುದು. ಹತ್ತಿರ ನಿಂತರೆ ಹೀರೋಯಿನ್ ಕೆನ್ನೆ ಮೇಲೆ ಹಸಿರು, ನೀಲಿ ಬಣ್ಣದ ಪಟ್ಟೆ. ರಸ್ತೆ ಆಚೆಗೆ ಹೋಗಿ ನೋಡಿದರೆ ಹಾಲಿನಂಥ ಕೆನ್ನೆ. ನಮ್ಮ ಸೀನ ಮಾಡುವುದೂ ಅದನ್ನೇ, ಆದರೆ ಚೌಕದ ಗೆರೆ ಅಳಿಸುವುದಕ್ಕೆ ಮರೆಯುತ್ತಾನೆ. ಅವನ ಹೀರೊಗಳೆಲ್ಲ ಕಿಟಕಿ ಸರಳಿನ ಹಿಂದೆ ನಿಂತ ಹಾಗೆ ಕಾಣುತ್ತಾರೆ.

"ಮರೆತಿದ್ದಲ್ಲ, ಬೇಕಂತಲೇ ಬಿಡೋದು" ಎಂದ ಸೀನ. "ಕೈಯಲ್ಲೇ ಬರೆದಿದ್ದು ಅಂತ ಸಾಕ್ಷಿ ಬೇಡ್ವಾ?"

ಸಾಕ್ಷಿಯ ವಿಷಯ ಗುಂಪಿನಲ್ಲಿ ಗಂಭೀರ. ಫೋಟೊವನ್ನು ಪೆನ್ಸಿಲ್ ಚಿತ್ರದ ಹಾಗೆ ಮಾಡಿಕೊಡುವ ಆ್ಯಪ್‌ಗಳು ಬಂದ ಮೇಲೆ ಯಾರೂ ಯಾರನ್ನೂ ನಂಬಲ್ಲ. ಅದಕ್ಕೇ ಎಲ್ಲರೂ ಚಿತ್ರದ ಮೇಲೆ ಅಡ್ಡಡ್ಡ ಒಂದು ಪೆನ್ಸಿಲ್ ಇಟ್ಟು ಫೋಟೊ ತೆಗೆಯುತ್ತಾರೆ. ಪಕ್ಕದಲ್ಲಿ ಒಂದು ರಬ್ಬರು, ಎರಡು ಚಿಟಿಕೆ ರಬ್ಬರಿನ ಪುಡಿ. ಕೆಲವರು ಆ ಪುಡಿಯನ್ನು ಡಬ್ಬಿಯಲ್ಲಿ ಎತ್ತಿಟ್ಟುಕೊಂಡಿದ್ದಾರೆ ಎಂಬ ಅನುಮಾನ ನನಗಿದೆ. ಈಗ ಎಐ ಬಂದಿದೆ. ಹೋದ ತಿಂಗಳು ಹೊಸಬನೊಬ್ಬ ಅದ್ಭುತವಾದ ಚಿತ್ರ ಹಾಕಿದ. ರೆಪ್ಪೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಮೇಲೆ ಪೆನ್ಸಿಲ್ ಕೂಡ ಇತ್ತು. ಎಐ ಬೆರಳಿನ ಲೆಕ್ಕ ತಪ್ಪುತ್ತೆ ಅಂತ ಎಲ್ಲರೂ ಹೀರೊನ ಬೆರಳು ಎಣಿಸುತ್ತಾ ಕೂತಿದ್ದಾಗ ಮಂಜುಳಕ್ಕ ಒಂದೇ ಸಾಲು ಬರೆದರು: 'ಪೆನ್ಸಿಲ್‌ಗೆ ಎರಡೂ ಕಡೆ ಮೊನೆ ಇದೆ, ರಬ್ಬರ್ ಪುಡಿ ಬಿದ್ದಿರೋದು ಯಾವ ರಬ್ಬರಿಂದು?' ಹೊಸಬ ಆ ರಾತ್ರಿಯೇ ಗುಂಪು ಬಿಟ್ಟ.

ನನಗೆ ಕೇಳಿದರೆ, ಸಾಕ್ಷಿ ಬೇಕಿದ್ದರೆ ಕಾಗದ ನೋಡಿದರೆ ಸಾಕು. ಗುಂಪಿನ ಅರ್ಧ ಚಿತ್ರಗಳು ಗೆರೆ ಹಾಕಿದ ನೋಟ್‌ಬುಕ್ಕಿನಲ್ಲೇ ಬರುವುದು. ಬಸಣ್ಣ ಒಮ್ಮೆ ಬಾದಾಮಿಯ ಭೂತನಾಥ ಗುಡಿ ಬರೆದಿದ್ದರು. ಕೆರೆ, ಮೆಟ್ಟಿಲು, ಹಿಂದಿನ ಬಂಡೆ, ಎಲ್ಲ ಚೆನ್ನಾಗಿ ಬಂದಿತ್ತು. ಆದರೆ ಹಿಂದಿನ ಪುಟದ ಅಕ್ಷರ ಮಬ್ಬಾಗಿ ಕಾಣುತ್ತಿತ್ತು. ಗೋಪುರದ ಮೇಲೆ 'ಹಾಲು ಅರ್ಧ ಲೀಟರ್', ನೀರಿನಲ್ಲಿ 'ಇಸ್ತ್ರಿಯವನಿಗೆ ಬಾಕಿ'.

"ಚಾಲುಕ್ಯರ ಶಾಸನ ಅಂತ ತಿಳ್ಕೊಳ್ರಿ" ಎಂದರು ಬಸಣ್ಣ.

ಎಲ್ಲದಕ್ಕಿಂತ ದೊಡ್ಡ ಪ್ರಸಂಗ ಆಗಿದ್ದು ಮೇಷ್ಟ್ರ ಹುಟ್ಟುಹಬ್ಬದ ದಿನ. ಸೀನ ಅವರಿಗೆ ಗೊತ್ತಾಗದ ಹಾಗೆ ಅವರದೇ ಮುಖ ಬರೆದ. ಇದ್ದಿಲಿನಲ್ಲಿ ಹಿನ್ನೆಲೆಯನ್ನೆಲ್ಲ ಕಪ್ಪು ಮಾಡಿ, ಮುಖಕ್ಕೆ ಮಾತ್ರ ಬೆಳಕು ಬಿಟ್ಟು, ಕಿವಿಗೆ ಹಾಕುವ ಹತ್ತಿ ಕಡ್ಡಿಯಲ್ಲಿ ನಯವಾಗಿ ಉಜ್ಜಿ, ಜೀವನದಲ್ಲೇ ಮೊದಲ ಸಲ ಕಣ್ಣೆರಡನ್ನೂ ಒಂದೇ ಅಳತೆಗೆ ತಂದಿದ್ದ. ಆ ಖುಷಿಯಲ್ಲಿ ಬೆಳಿಗ್ಗೆ ಐದೂವರೆಗೇ ಗುಂಪಿಗೆ ಹಾಕಿದ. ಕೆಳಗೆ ಒಂದಕ್ಷರ ಬರೆಯಲಿಲ್ಲ. ಕೈ ಮುಗಿಯುವ ಇಮೋಜಿ ಮಾತ್ರ ಹಾಕಿದ.

ಕಪ್ಪು ಬಿಳುಪು ಮುಖ, ಮುಂಜಾನೆ ಹೊತ್ತು, ಜೋಡಿಸಿದ ಕೈ. ನಮ್ಮ ಜನಕ್ಕೆ ಇನ್ನೇನು ಬೇಕು?

ಮೊದಲು ಒಬ್ಬರು 'ಓಂ ಶಾಂತಿ' ಎಂದರು. ಆಮೇಲೆ ಸಾಲು ಸಾಲು. 'ತುಂಬಲಾರದ ನಷ್ಟ.' 'ನಿನ್ನೆ ತಾನೇ ಮಾತಾಡಿದ್ದೆ, ನಂಬೋಕೆ ಆಗ್ತಿಲ್ಲ.' 'ಅಂತಿಮ ದರ್ಶನ ಎಷ್ಟು ಹೊತ್ತಿಗೆ?' ಒಬ್ಬರು ಹಾರಕ್ಕೆ ಹೇಳಿಯೂ ಆಯಿತು. ಮೇಷ್ಟ್ರು ವಾಕಿಂಗ್ ಮುಗಿಸಿ ಬಂದು ಮೊಬೈಲ್ ತೆಗೆದಾಗ ಎಂಟು ಗಂಟೆ. ಕೊನೆಯಿಂದ ಮೇಲಕ್ಕೆ ಓದುತ್ತಾ ಹೋದರಂತೆ, ಪಾಪ ಯಾರೋ ಹೋಗಿಬಿಟ್ಟರಲ್ಲ ಅಂತ ತಾವೂ ಒಂದು 'ಓಂ ಶಾಂತಿ' ಹಾಕಿ, ಆಮೇಲೆ ಚಿತ್ರ ನೋಡಿದರಂತೆ.

"ಏನನ್ನಿಸ್ತು ಮೇಷ್ಟ್ರೇ?" ಬಸಣ್ಣ ಕೇಳಿದರು.

"ಎಡಗಿವಿ ಸ್ವಲ್ಪ ಕೆಳಗೆ ಬಂದಿದೆ ಅನ್ನಿಸ್ತು" ಎಂದರು ಮೇಷ್ಟ್ರು. "ಅಷ್ಟು ಜನ ಅತ್ತರು, ಒಬ್ಬರಾದರೂ ಕಿವಿ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಗುಂಪಿನಲ್ಲಿ ಚಿತ್ರಕ್ಕೆ ಬರುವ ಮಾತುಗಳು ಹೆಚ್ಚೆಂದರೆ ಐದಾರು. 'ಸೂಪರ್ ಗುರು.' 'ಬೆಂಕಿ.' 'ಫ್ರೇಮ್ ಹಾಕಿಸಿ.' 'ನಂದೂ ಒಂದು ಬರೆದುಕೊಡಿ', ಇದು ಪುಕ್ಕಟೆ ಗಿರಾಕಿ. ಎಲ್ಲಕ್ಕಿಂತ ದೊಡ್ಡ ಬಿರುದು 'ಫೋಟೊ ಥರಾನೇ ಇದೆ'. ಈ ಮಾತು ಕಂಡರೆ ನನಗೆ ಆಗಲ್ಲ. ಫೋಟೊ ಆಗಲೇ ಇತ್ತಲ್ಲ, ಅದನ್ನು ನೋಡಿಕೊಂಡೇ ತಾನೇ ಬರೆದಿದ್ದು? ಸೀನನ ಚಿತ್ರದಲ್ಲಿ ಹೀರೊನ ಹುಬ್ಬು ಸ್ವಲ್ಪ ಜಾಸ್ತಿ ಕೋಪದಲ್ಲಿರುತ್ತೆ, ತುಟಿ ಮಾತ್ರ ನಗುತ್ತಿರುತ್ತೆ. ಆ ಎಡವಟ್ಟು ಹೀರೊ ಸೀನನ ಸ್ವಂತದವನು. ಬೇರೆಲ್ಲೂ ಸಿಗಲ್ಲ.

"ಹಾಗಂತ ತಪ್ಪು ಹೇಳಬಾರದಾ?" ಮಂಜುಳಕ್ಕನಿಗೆ ಸಿಟ್ಟು ಬಂತು. "ಎಲ್ಲರೂ 'ಹೊಸಬ, ತಪ್ಪಿದ್ದರೆ ತಿದ್ದಿ' ಅಂತ ಬರೀತಾರೆ. ತಿದ್ದಿದರೆ ಮೂತಿ ಊದಿಸ್ತಾರೆ. ಆ ಕಾಲೇಜು ಹುಡುಗನಿಗೆ ಕತ್ತು ಉದ್ದ ಆಯ್ತು ಕಣಪ್ಪಾ ಅಂದೆ. 'ನನ್ನ ಸ್ಟೈಲ್ ಅದು ಆಂಟಿ' ಅಂದ. ಆಂಟಿ ಅಂತೆ!"

ಅವರಿಗೆ ನೋವಾಗಿದ್ದು ಕತ್ತಿನಿಂದಲೋ ಆಂಟಿಯಿಂದಲೋ ಯಾರೂ ಕೇಳಲಿಲ್ಲ.

"ತಿದ್ದೋರೂ ತಪ್ಪಬಹುದು" ಎಂದರು ಮೇಷ್ಟ್ರು. "ನಮ್ಮೂರಿನ ಆರ್. ಕೆ. ಲಕ್ಷ್ಮಣ್‌ಗೆ ಮುಂಬೈಯ ಜೆ. ಜೆ. ಕಲಾಶಾಲೆ ಸೀಟು ಕೊಡಲಿಲ್ಲ. ಅವರು ಇಲ್ಲೇ ಮಹಾರಾಜ ಕಾಲೇಜಿನಲ್ಲಿ ಓದಿದರು. ಆಮೇಲೆ ಚೌಕಳಿ ಕೋಟಿನ ಶ್ರೀಸಾಮಾನ್ಯನನ್ನ ಇಟ್ಟುಕೊಂಡು ಇಡೀ ದೇಶವನ್ನ ನಗಿಸಿದರು. ಕಾಗೆ ಬರೆಯೋದಂದ್ರೆ ಅವರಿಗೆ ಪ್ರಾಣ."

"ನೋಡಿ ಅಕ್ಕಾ, ಲಕ್ಷ್ಮಣ್‌ಗೇ ಸೀಟು ಸಿಗಲಿಲ್ಲ" ಎಂದ ಸೀನ, ಅದರಿಂದ ತನ್ನ ದವಡೆಗಳೆಲ್ಲ ಸರಿಹೋದ ಹಾಗೆ.

"ಅವರು ಕೈ ಬರೀತಿದ್ರು ಸೀನ."

ಬಸಣ್ಣ ಮಾತು ತಿರುಗಿಸಿದರು. ಗುಂಪಿಗೆ ಹೊಸದಾಗಿ ಸೇರಿದವರೆಲ್ಲ ಮೊದಲು ಹಾಕುವುದು ದೀಪ ಹಿಡಿದ ಹೆಂಗಸಿನ ಚಿತ್ರವನ್ನೇ ಯಾಕೆ ಅಂತ ಅವರ ಪ್ರಶ್ನೆ. ನಿಜ, ಜಗನ್ಮೋಹನ ಅರಮನೆಯ ಆ ಚಿತ್ರ ಬರೆಯದ ಮೈಸೂರಿನವನೇ ಇಲ್ಲವೇನೋ. ಕೆಳಗೆ 'ರವಿವರ್ಮನ ಚಿತ್ರ ನೋಡಿ ಬರೆದದ್ದು' ಅಂತ ತಪ್ಪದೇ ಇರುತ್ತೆ. ಅದು ರವಿವರ್ಮನದಲ್ಲ. ಎಸ್. ಎಲ್. ಹಲ್ದಣಕರ್ ಅವರದು. ಸುಮಾರು 1945ರಲ್ಲಿ, ತಮ್ಮ ಮಗಳ ಕೈಗೆ ದೀಪ ಕೊಟ್ಟು ನಿಲ್ಲಿಸಿ ಬರೆದಿದ್ದು. ರವಿವರ್ಮ ತೀರಿಹೋಗಿದ್ದು 1906ರಲ್ಲಿ. ಮೇಷ್ಟ್ರು ಇದನ್ನು ಗುಂಪಿನಲ್ಲಿ ಹೇಳಿ ಹೇಳಿ ಸೋತು, ಈಗ ಅದನ್ನೇ ಬರೆದಿಟ್ಟುಕೊಂಡು ಹೊಸಬರು ಬಂದಾಗಲೆಲ್ಲ ಅಂಟಿಸುತ್ತಾರೆ.

"ಆ ಚಿತ್ರದ ಮಜಾ ಏನ್ ಗೊತ್ತಾ?" ಎಂದರು ಮಂಜುಳಕ್ಕ. "ಅದು ಜಲವರ್ಣ. ನೀರು ಬಣ್ಣದಲ್ಲಿ ತಪ್ಪಿದರೆ ಅಳಿಸೋಕಾಗಲ್ಲ. ದೀಪಕ್ಕೆ ಅಡ್ಡ ಹಿಡಿದಿದ್ದಾಳಲ್ಲ ಕೈ, ಆ ಬೆರಳಿನ ಸಂದಿಯಲ್ಲಿ ಕೆಂಪಗೆ ಬೆಳಕು ಬರುತ್ತೆ. ಇಡೀ ಚಿತ್ರ ನಿಂತಿರೋದೇ ಆ ಕೈ ಮೇಲೆ."

ಎಲ್ಲರೂ ಸೀನನ ಕಡೆ ನೋಡಿದೆವು. ಅವನು ತನ್ನ ಕೈಯನ್ನು ನಿಧಾನಕ್ಕೆ ಜೇಬಿಗೆ ಇಳಿಸಿದ.

ನಗುವ ಗುಂಪು ಇದು. ಒಂದು ಸಲ ಮಾತ್ರ ಸದ್ದಿಲ್ಲದೆ ಕೂತಿತ್ತು. ಅಕ್ಟೋಬರ್‌ನಲ್ಲಿ ದಿನಕ್ಕೊಂದು ವಿಷಯ ಹಿಡಿದು ದಿನಕ್ಕೊಂದು ಇಂಕ್ ಚಿತ್ರ ಬರೆಯುವ ಪದ್ಧತಿ ಇದೆ. ಜೇಕ್ ಪಾರ್ಕರ್ ಎಂಬ ಅಮೆರಿಕದ ಚಿತ್ರಕಾರ 2009ರಲ್ಲಿ ತನ್ನ ಪಾಡಿಗೆ ತಾನು ಶುರು ಮಾಡಿದ್ದು, ಪ್ರಪಂಚವೆಲ್ಲ ಹಿಡಿಯಿತು. ನಮ್ಮವರೂ 2021ರಲ್ಲಿ ಅದನ್ನೇ ಮಾಡುತ್ತಿದ್ದರು. 29ನೇ ತಾರೀಕು ಅಪ್ಪು ಹೋದರು. ಅವತ್ತಿನ ವಿಷಯ ಏನಿತ್ತೋ ಯಾರಿಗೂ ನೆನಪಿಲ್ಲ, ಬರೆದಿದ್ದೆಲ್ಲ ಪುನೀತ್. ಗುಂಪಿನ ಬಡಗಿ ಕಾಗದ ಹುಡುಕಲೇ ಇಲ್ಲ. ಕೆಲಸದ ಜಾಗದಲ್ಲಿ ಬಿದ್ದಿದ್ದ ಪ್ಲೈವುಡ್ ತುಂಡಿನ ಮೇಲೆ, ಗುರುತು ಹಾಕುವ ಚಪ್ಪಟೆ ಪೆನ್ಸಿಲ್ಲಿನಲ್ಲಿ ಬರೆದಿದ್ದರು. ಮುಖಕ್ಕೆ ಅಡ್ಡವಾಗಿ ಮರದ ನಾರಿನ ಗೆರೆ. ಕಣ್ಣಿನ ಜಾಗ ಖಾಲಿ ಬಿಟ್ಟಿದ್ದರು. ಯಾಕೆ ಅಂತ ಕೇಳಿದ್ದಕ್ಕೆ 'ಅವು ಬೇರೆಯವರಿಗೆ ಕೊಟ್ಟಾಯ್ತಲ್ಲ' ಎಂದರು. ಅಪ್ಪನ ಹಾಗೆ ಮಗನ ಕಣ್ಣೂ ದಾನವಾಗಿತ್ತು. ಆ ಚಿತ್ರಕ್ಕೆ ಯಾರೂ 'ಸೂಪರ್' ಅನ್ನಲಿಲ್ಲ.

ಎರಡನೇ ಸುತ್ತು ಕಾಫಿ ಬಂತು. ಸೀನ ಗಂಟಲು ಸರಿ ಮಾಡಿಕೊಂಡ.

"ನನ್ನ ಚಿತ್ರ ಕಳವಾಗಿದೆ" ಎಂದ.

ಅವನ ಮುಖದಲ್ಲಿ ಕಳಕೊಂಡವನ ಲಕ್ಷಣ ಇರಲಿಲ್ಲ. ಮೊಬೈಲ್ ತೆಗೆದು ತೋರಿಸಿದ. ಟಿ. ನರಸೀಪುರದ ಕಡೆ ಯಾವುದೋ ಸರ್ಕಲ್. ಹೀರೊ ಹುಟ್ಟುಹಬ್ಬಕ್ಕೆ ಕಟ್ಟಿದ ಎರಡಾಳೆತ್ತರದ ಫ್ಲೆಕ್ಸ್. ನಡುವೆ ಸೀನ ಬರೆದ ಚಿತ್ರ. ಅದೇ ಕೋಪದ ಹುಬ್ಬು, ಅದೇ ಜೇಬಿನ ಕೈ. ಚೌಕದ ಗೆರೆಗಳೂ ಹಾಗೇ ಇವೆ. ಸೀನ ದಪ್ಪಗೆ ಸಹಿ ಹಾಕಿದ್ದ ಮೂಲೆಯಲ್ಲಿ ಮಾತ್ರ ಸ್ಥಳೀಯ ಮುಖಂಡರೊಬ್ಬರು ಕೈ ಮುಗಿದು ನಿಂತಿದ್ದಾರೆ.

"ಅನ್ಯಾಯ!" ಎಂದರು ಮಂಜುಳಕ್ಕ. "ಹೋಗಿ ಕೇಳಬೇಕಿತ್ತು."

"ಹೋಗಿದ್ದೆ ಅಕ್ಕಾ. ಅಂಗಡಿಗೆ ರಜೆ ಹಾಕಿ ಗಾಡೀಲಿ ಹೋದೆ."

"ಕೇಳಿದ್ಯಾ?"

"ಕೇಳೋಣ ಅಂತ ಅಲ್ಲೇ ನಿಂತಿದ್ದೆ. ಒಂದಷ್ಟು ಹುಡುಗರು ಫ್ಲೆಕ್ಸ್‌ಗೆ ಹಾಲು ಹಾಕೋಕೆ ಏಣಿ ತಂದರು. ಏಣಿ ಹಿಡ್ಕೊಳ್ಳೋಕೆ ಜನ ಬೇಕಿತ್ತು. ಹಿಡ್ಕೊಂಡೆ."

"ಆಮೇಲೆ?"

"ಆಮೇಲೆ ಅನ್ನಸಂತರ್ಪಣೆ ಇತ್ತು. ಕೂತ್ಕೋ ಅಣ್ಣಾ ಅಂದ್ರು. ಪಲಾವ್, ಮೊಸರನ್ನ, ಕೇಸರಿಬಾತ್. ಪಕ್ಕದಲ್ಲಿ ಕೂತಿದ್ದ ಹುಡುಗ ಫ್ಲೆಕ್ಸ್ ನೋಡಿ, 'ಯಾರೋ ಸಖತ್ತಾಗಿ ಬರೆದವ್ನೆ' ಅಂದ."

"ನಾನೇ ಕಣೋ ಅನ್ನಬೇಕಿತ್ತು!"

"ಅನ್ನೋಣ ಅಂತ ಬಾಯಿ ತೆಗೆದೆ ಅಕ್ಕಾ. ಅಷ್ಟರಲ್ಲಿ ಅವನು, 'ಕೈ ಯಾಕೋ ಜೇಬಲ್ಲಿಟ್ಟವ್ನಲ್ಲ, ಬರೆಯೋಕೆ ಬರ್ತಿರಲಿಲ್ಲ ಅನ್ಸುತ್ತೆ' ಅಂದ. ಇನ್ನೊಂದು ಸ್ವಲ್ಪ ಪಲಾವ್ ಹಾಕಿಸ್ಕೊಂಡೆ."